ಡಬ್ಬಿಯ ಮೇಲಿನ ಹೆಸರು

ಕಪಾಟನ್ನು ಪಿಕಪ್ ಗಾಡಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ, ಇವತ್ತು ಹೋಗದೆ ಉಳಿದರೆ ಏನಾದೀತು ಎಂದು ಡೆಲ್ಮರ್ ಹೌಗೆನ್‌ಗೆ ಅನ್ನಿಸಿತು. ಸೊಂಟ ಹಿಡಿದಿದೆ ಎಂದು ಫೋನ್ ಮಾಡಬಹುದು. ಎಪ್ಪತ್ತೊಂದು ವರ್ಷದವನ ಸೊಂಟವನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಮೂರು ದಿನ ಕೂತು, ಒಂದಂಗುಲ ದಪ್ಪದ ಪೈನ್ ಹಲಗೆ ಕೊಯ್ದು, ಅರಗು ಹೊಡೆದು, ಬಾಗಿಲಿಗೆ ಸಣ್ಣ ಬೀಗದ ಕೊಂಡಿ ಹಾಕಿ ಕಪಾಟು ಮಾಡಿದವನು ಅವನೇ. ಮಾಡುವಾಗ ಕೈಗೆ ಒಂದು ಬಗೆಯ ನೆಮ್ಮದಿ ಇತ್ತು. ಈಗ ಅದು ಮುಗಿದು ಗಾಡಿಯ ಮೇಲೆ ಮಲಗಿರುವಾಗ ಆ ನೆಮ್ಮದಿ ಎಲ್ಲಿ ಹೋಯಿತೋ. ಗೆಳೆಯ ಓರಿನ್‌ನ ಹೆಂಡತಿ ಲವಾನ್ ಸ್ಕಾರ್ ಮಂಗಳವಾರ ಫೋನ್ ಮಾಡಿ ಹೇಳಿದ್ದು ನಾಲ್ಕೇ ಮಾತು. "ಓರಿನ್ ತೋಟೆ ಕೇಪುಗಳನ್ನೆಲ್ಲ ಸಕ್ಕರೆ ಬಟ್ಟಲಿಗೆ ಸುರಿದಿಟ್ಟಿದಾನೆ, ಡೆಲ್. ಬಟ್ಟೆ ಒಣಗಿಸೋ ಮೆಷಿನ್ ಮೇಲೆ. ಕೋವಿ ಮದ್ದಿನ ಡಬ್ಬಿಗಳು ಬಾಯ್ಲರ್ ಪಕ್ಕ ಇವೆ. ನೀನು ಬಾ." ಬರುತ್ತೇನೆ ಅನ್ನುವುದರ ಹೊರತು ಅವನಿಗೆ ಬೇರೆ ಏನು ಹೇಳುವುದಕ್ಕಿತ್ತು? ಬೇಟೆ ಕಲಿಯುವ ಮಕ್ಕಳಿಗೆ ಈ ಊರಿನಲ್ಲಿ ಸುರಕ್ಷತೆಯ ಪಾಠ ಹೇಳುವವನು ಅವನು. ಬರುವ ಗುರುವಾರದಿಂದ ಈ ವರ್ಷದ ತರಗತಿ ಶುರು. ಚರ್ಚಿನ ಕೆಳಮಾಳಿಗೆಯಲ್ಲಿ ಕುರ್ಚಿಗಳನ್ನು ಆಗಲೇ ಜೋಡಿಸಿಯಾಗಿದೆ.

ದಾರಿಯುದ್ದಕ್ಕೂ ಬೆಚ್ಚನೆಯ ಗಾಳಿ ಬೀಸುತ್ತಿತ್ತು. ಹೊಲಗಳಲ್ಲಿ ಹಿಮ ತೇಪೆ ತೇಪೆಯಾಗಿ ಉಳಿದು, ನಡುನಡುವೆ ಹೋದ ವರ್ಷದ ಗೋಧಿಯ ಕೂಳೆ ಕಾಣುತ್ತಿತ್ತು. ಮಿಲ್ಕ್ ನದಿಯ ಮೇಲಿನ ಮಂಜುಗಡ್ಡೆ ಎರಡು ದಿನದ ಹಿಂದೆ ಒಡೆದಿತ್ತು, ನೀರು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಸೇತುವೆ ದಾಟುವಾಗ ಅವನ ಬಾಯಿ ತನ್ನಷ್ಟಕ್ಕೆ ಮೊದಲ ದಿನದ ಪಾಠ ಹೇಳಿಕೊಳ್ಳುತ್ತಿತ್ತು: ಮದ್ದು ಯಾವ ಡಬ್ಬಿಯಲ್ಲಿ ಬಂತೋ ಅದೇ ಡಬ್ಬಿಯಲ್ಲಿ ಇರಬೇಕು. ಮಕ್ಕಳು ಒಟ್ಟಾಗಿ, ಕುರಿಗಳ ಹಾಗೆ, ತಿರುಗಿ ಹೇಳುತ್ತಾರೆ. ಹತ್ತೊಂಬತ್ತು ವಸಂತಗಳಿಂದ ಹೇಳುತ್ತಿದ್ದಾರೆ. ಮೊದಲು ಕಲಿತವರ ಮಕ್ಕಳೂ ಈಗ ಬಂದು ಅದನ್ನೇ ಹೇಳುತ್ತಿದ್ದಾರೆ. ಅದಕ್ಕೂ ಹಿಂದೆ ಆ ಪಾಠ ಓರಿನ್‌ದಾಗಿತ್ತು. ಓರಿನ್ ಹೇಳುವಾಗ ಮಕ್ಕಳು ಕುರಿಗಳ ಹಾಗೆ ಹೇಳುತ್ತಿರಲಿಲ್ಲ, ಯಾಕೆ ಎಂದು ಕೇಳುತ್ತಿದ್ದರು. ಡೆಲ್ಮರ್‌ನನ್ನು ಯಾರೂ ಯಾಕೆ ಎಂದು ಕೇಳಿದವರಿಲ್ಲ. ಅವನ ಮುಖದಲ್ಲಿ ಏನೋ ಆ ಪ್ರಶ್ನೆಯನ್ನು ತಡೆಯುತ್ತಿರಬೇಕು.

ಹತ್ತೊಂಬತ್ತು ವರ್ಷದ ಹಿಂದೆ ಆಗಿದ್ದು ಇಷ್ಟೇ. ತನ್ನ ಗ್ಯಾರೇಜಿನ ಮೇಜಿನ ಮುಂದೆ ಅವನು ನಿಂತಿದ್ದ. ಬೇಗ ಉರಿಯುವ ಮದ್ದು ಒಂದು ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು, ಡಬ್ಬಿಯ ಅಂಚು ತುಕ್ಕು ಹಿಡಿದಿತ್ತು. ಪಕ್ಕದಲ್ಲಿ ನಿಧಾನ ಉರಿಯುವ ಮದ್ದಿನ ಖಾಲಿ ಡಬ್ಬಿ, ಹೊಸದರಂತೆ ಚೆನ್ನಾಗಿತ್ತು. ಸುರಿದ. ಹೊಸ ಚೀಟಿ ಬರೆದು ಅಂಟಿಸಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಹೆಂಡತಿ ಊಟಕ್ಕೆ ಕರೆದಳು. ಊಟ ಮಾಡಿದ. ಆ ಮೇಲೆ ಬಿತ್ತನೆ ಬಂತು, ಮಳೆ ಬಂತು, ಚೀಟಿ ಮರೆತೇ ಹೋಯಿತು. ಬೇಸಿಗೆ ಮುಗಿಯುವಾಗ ಓರಿನ್ ಬಂದು, "ನನ್ ಡಬ್ಬಿ ಖಾಲಿಯಾಯ್ತು ಮಾರಾಯ, ನಿನ್ ಹತ್ರ ಇದ್ಯಾ?" ಎಂದು ಕೇಳಿದಾಗ ಕಪಾಟಿನಿಂದ ತೆಗೆದು ಕೊಟ್ಟವನು ಡೆಲ್ಮರ್. ಡಬ್ಬಿಯ ಮೇಲೆ ಓರಿನ್‌ಗೆ ಬೇಕಾದ ಹೆಸರೇ ಇತ್ತು. ಒಳಗಿನ ಕಾಳುಗಳೂ ನೋಡುವುದಕ್ಕೆ ಒಂದೇ, ಬೂದು ಬಣ್ಣ, ರಾಗಿಗಿಂತ ಸಣ್ಣ. ನಿಧಾನದ ಮದ್ದಿನ ತೂಕಕ್ಕೆ ಬೇಗ ಉರಿಯುವುದನ್ನು ತೋಟೆಗೆ ತುಂಬಿದರೆ ಕೋವಿಯ ನಳಿಗೆ ತಡೆಯುವುದಿಲ್ಲ. ಎರಡು ವಾರದ ಮೇಲೆ ಓರಿನ್‌ನ ಕೋವಿ ಅವನ ಕೈಯಲ್ಲೇ ಸಿಡಿಯಿತು. ಎಡಗೈಯ ಎರಡು ಬೆರಳು ಹೋದವು, ಒಂದು ಕಿವಿ ಕೇಳದಾಯಿತು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಮಧ್ಯಾಹ್ನವೇ ಡೆಲ್ಮರ್ ಅವನ ಮನೆಯ ನೆಲಮಾಳಿಗೆಗೆ ಇಳಿದು, ಆ ಡಬ್ಬಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಬಂದು, ಉಳಿದ ಮದ್ದನ್ನು ಹಿತ್ತಿಲ ಹುಲ್ಲಿನ ಮೇಲೆ ತೆಳ್ಳಗೆ ಎರಚಿದ. ಮುಂದಿನ ವರ್ಷ ಆ ಜಾಗದಲ್ಲಿ ಹುಲ್ಲು ಬೇರೆ ಕಡೆಗಿಂತ ಹಸಿರಾಗಿ ಬೆಳೆಯಿತು. ಗೊಬ್ಬರದ ಗುಣ ಇದೆ ಅದಕ್ಕೆ. ಆ ಹಸಿರನ್ನು ಅವನು ವಾರಕ್ಕೆರಡು ಬಾರಿ ಕತ್ತರಿಸುತ್ತಿದ್ದ. ಓರಿನ್ ಆಸ್ಪತ್ರೆಯಿಂದ ಬಂದವನೇ ಬೇಟೆ ಸಂಘದ ಎಲ್ಲರೆದುರು ನಿಂತು, ಮದ್ದು ತೂಗುವ ತಕ್ಕಡಿಯ ಕಲ್ಲನ್ನು ತಾನೇ ತಪ್ಪು ಗೆರೆಯಲ್ಲಿ ಇಟ್ಟಿರಬೇಕು, ಬೇರೆ ಕಾರಣ ಇರಲಾರದು, ಇಂಥವನು ಮಕ್ಕಳಿಗೆ ಪಾಠ ಹೇಳಬಾರದು ಎಂದು ಪಾಠ ಬಿಟ್ಟುಕೊಟ್ಟ. ಯಾರು ಹೇಳಬೇಕು ಎಂದು ಕೇಳಿದಾಗ, "ಡೆಲ್ಮರ್ ಹೇಳ್ಲಿ. ಅವನು ಜಾಗ್ರತೆ ಮನುಷ್ಯ" ಅಂದ.

ಗಾಡಿ ನಿಂತ ಸದ್ದಿಗೆ ಲವಾನ್ ಬಾಗಿಲಿಗೆ ಬಂದಳು. ಎತ್ತರದ ಹೆಂಗಸು, ಈಗ ಭುಜ ಬಾಗಿದೆ. ಹಿಂದೆಯೇ ಓರಿನ್, ಒಂದು ಬೂಟಿಗೆ ಮಾತ್ರ ದಾರ ಕಟ್ಟಿಕೊಂಡು.

"ಡೆಲ್! ಏನೋ ಅದು, ಶವಪೆಟ್ಟಿಗೆ ತಂದ್ಯಾ? ನಾನಿನ್ನೂ ಇದೀನಿ ಕಣೋ."

"ನಿನ್ನ ಅಳತೆಗೆ ಸಾಲಲ್ಲ ಬಿಡು. ನಿನ್ ಮದ್ದಿಗೆ ಕಪಾಟು."

"ಮರದ್ದು ತಾನೆ?"

"ಮರದ್ದೇ."

"ಹಾಗಾದ್ರೆ ಒಳಗೆ ಬಾ," ಎಂದು ಓರಿನ್ ನಕ್ಕ.

ಅವನ ಮರೆವು ಹಾಗೆಯೇ. ಬೆಳಿಗ್ಗೆ ಏನು ತಿಂದೆ ಎಂದು ಗೊತ್ತಿರುವುದಿಲ್ಲ, ಮದ್ದನ್ನು ಮರದಲ್ಲಿ ಇಡಬೇಕು ಅನ್ನುವುದು ಗೊತ್ತಿರುತ್ತದೆ. ಲವಾನ್ ಮಾತ್ರ ಗೊಣಗಿದಳು. ಮೂಲೆಯಲ್ಲಿ ಕೋವಿ ಇಡುವ ಉಕ್ಕಿನ ಬೀರು ಇದೆ, ನಾಲ್ಕಂಗುಲದ ಬೀಗ ಇದೆ, ಎಲ್ಲವನ್ನೂ ಅದಕ್ಕೆ ತುಂಬಿ ಮುಚ್ಚಿಬಿಟ್ಟರೆ ಆಗುವುದಿಲ್ಲವೇ ಎಂದು. ಡೆಲ್ಮರ್ ಪಾಠದ ದನಿಯಲ್ಲೇ ವಿವರಿಸಿದ. ಮನೆಗೆ ಬೆಂಕಿ ಬಿದ್ದರೆ ಬಯಲಲ್ಲಿರುವ ಮದ್ದು ಸುಮ್ಮನೆ ಭಗ್ಗೆಂದು ಉರಿದು ಹೋಗುತ್ತದೆ. ಉಕ್ಕಿನೊಳಗೆ ಬಿಗಿದಿಟ್ಟರೆ ಹೊರಗೆ ಬರಲು ದಾರಿಯಿಲ್ಲದೆ ಬೀರುವನ್ನೇ ಬಾಂಬು ಮಾಡುತ್ತದೆ. ಮರವಾದರೆ ಕೀಲು ಸಡಿಲಿಸಿ ದಾರಿ ಬಿಡುತ್ತದೆ, ಬಿಸಿಯನ್ನೂ ಬೇಗ ಒಳಗೆ ಬಿಡುವುದಿಲ್ಲ. "ಪೂರ್ತಿ ತಗೊಂಡು ಹೋಗಿಬಿಡ್ಲಾ?" ಎಂದೂ ಕೇಳಿದ. ಲವಾನ್ ಬೇಡವೆಂದು ತಲೆಯಾಡಿಸಿದಳು. "ದಿನಾ ಇಳಿದು ಬಂದು ನೋಡ್ತಾನೆ. ಖಾಲಿ ಕಂಡ್ರೆ ಕಳ್ಳತನ ಆಯ್ತು ಅಂತ ಷೆರಿಫ್‌ಗೆ ಫೋನ್ ಮಾಡ್ತಾನೆ. ಹುಲ್ಲು ಕತ್ತರಿಸೋ ಮೆಷಿನ್ ರಿಪೇರಿಗೆ ಕೊಟ್ಟಾಗ ಎರಡು ಸಲ ಮಾಡಿದ. ಇಲ್ಲೇ ಇರ್ಲಿ. ಬೀಗದ ಕೈ ನನ್ ಹತ್ರ ಇರ್ಲಿ."

ಮೇಲಿನ ಉತ್ತರದ ಕೋಣೆಯಲ್ಲಿ, ಲವಾನ್ ಹೊಲಿಗೆ ಹಾಕುವಲ್ಲಿ, ಬಿಸಿಲೂ ಒಲೆಯೂ ತಾಗದ ಗೋಡೆಗೆ ಕಪಾಟು ನಿಲ್ಲಿಸಿದರು. ಓರಿನ್‌ಗೆ ಪಕ್ಕದಲ್ಲೇ ಕುರ್ಚಿ. ಡೆಲ್ಮರ್ ನೆಲಮಾಳಿಗೆಯಿಂದ ಒಂದೊಂದೇ ಡಬ್ಬಿ ತಂದು ಅವನ ಕೈಗೆ ಕೊಡುತ್ತಿದ್ದ. ಓರಿನ್ ಮುಚ್ಚಳ ಬಿಗಿಯಾಗಿದೆಯೇ ತಿರುಗಿಸಿ ನೋಡಿ, ಮೇಲಿನ ಹೆಸರು ಜೋರಾಗಿ ಓದಿ, ತಲೆಯಾಡಿಸಿ ಕೊಡುತ್ತಿದ್ದ. ಕೆಳಗೆ ಬಾಯ್ಲರಿನ ಹತ್ತಿರ ಬೆಚ್ಚಗೆ ಹಸಿ ವಾಸನೆ, ಹಿಮದ ನೀರು ಗೋಡೆಯಲ್ಲಿ ಒಸರಿ ಉಪ್ಪಿನ ಗೆರೆ ಬಿಟ್ಟಿತ್ತು. ಇದೇ ಮೆಟ್ಟಿಲು. ಅವತ್ತೂ ಹದಿಮೂರು ಮೆಟ್ಟಿಲೇ ಇದ್ದಿರಬೇಕು, ಆದರೆ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು ಹತ್ತಿದಾಗ ಅವು ಮುಗಿಯುತ್ತಲೇ ಇರಲಿಲ್ಲ. ಅವತ್ತು ಮೇಲೆ ಅಡುಗೆಮನೆಯಲ್ಲಿ ಲವಾನ್‌ಳ ತಂಗಿ ಯಾರಿಗೋ ಫೋನಿನಲ್ಲಿ ಅಳುತ್ತಿದ್ದಳು. ಇವನ ಕಡೆ ತಿರುಗಿ, ನಿಮ್ಮಂಥ ಸ್ನೇಹಿತರಿದ್ದರೆ ಸಾಕು ಎಂಬಂತೆ ತೋಳು ಮುಟ್ಟಿದ್ದಳು. ಅಂಗಿಯೊಳಗಿನ ತಗಡು ಆಗ ಹೊಟ್ಟೆಗೆ ತಣ್ಣಗೆ ತಾಗಿತ್ತು. ಒಣಗಿಸುವ ಮೆಷಿನ್ನಿನ ಮೇಲಿದ್ದ ಸಕ್ಕರೆ ಬಟ್ಟಲನ್ನು ಅವನು ಮಡಿಸಿದ ಟವೆಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು, ಮನೆಯಿಂದ ದೂರದ ಶೆಡ್ಡಿನಲ್ಲಿ ಅದೊಂದನ್ನೇ ಇಟ್ಟು ಬೀಗ ಹಾಕಿದ. ಬಿಡಿ ಕೇಪು ಒಂದಕ್ಕೊಂದು ತಾಗಿದರೂ ಸಾಕು, ಸಿಡಿಯುತ್ತವೆ. ಷೆರಿಫ್ ಕಚೇರಿಗೆ ತಿಳಿಸಿ ಅವರಿಂದಲೇ ತೆಗೆಸಬೇಕು. ಬಿಚ್ಚದ ಕೇಪಿನ ಪೆಟ್ಟಿಗೆಗಳು ನಾಲ್ಕು ಉಳಿದಿದ್ದವು. ಅವನ್ನು ತಂದವನು ಬೇರೇನೋ ಯೋಚಿಸುತ್ತ ಮದ್ದಿನ ಪಕ್ಕದಲ್ಲೇ ಇಟ್ಟ.

"ಏಯ್! ಕೇಪು ತಂದು ಮದ್ದಿನ ಮಗ್ಗುಲಲ್ಲಿ ಇಡ್ತಿಯಲ್ಲೋ. ತಲೆ ನೆಟ್ಟಗಿದ್ಯಾ? ಯಾರೋ ನಿಂಗೆ ಪಾಠ ಹೇಳಿದ್ದು?"

"ನೀನೇ."

"ನಾನು ಹೇಳಿದ್ರೆ ಹಿಂಗೆ ಮಾಡ್ತಿರ್ಲಿಲ್ಲ ನೀನು. ತೆಗಿ. ಆಚೆ ಕೋಣೆಯ ಬಟ್ಟೆ ಬೀರುಗೆ ಹಾಕು, ಅವುಗಳ ಪೆಟ್ಟಿಗೇಲೇ ಇರ್ಲಿ, ಬಿಚ್ಚಬೇಡ."

ಡೆಲ್ಮರ್ ತೆಗೆದ. ಕಿವಿ ಬಿಸಿಯಾಗಿತ್ತು, ಹನ್ನೆರಡರ ಹುಡುಗನಂತೆ. ಇಟ್ಟು ಬರುವಷ್ಟರಲ್ಲಿ ಓರಿನ್ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಯಾರೋ ಮರೆತುಹೋದ ಕೈಗವಸನ್ನು ನೋಡುವಂತೆ ನೋಡುತ್ತಿದ್ದ.

"ಲವಾನ್, ಇದೇನಾಯ್ತು ನನ್ ಕೈಗೆ?"

ಲವಾನ್ ಬಾಗಿಲಲ್ಲಿ ಟವೆಲು ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸದೆ, ಎಷ್ಟೋ ಸಲ ಹೇಳಿ ನುಣುಪಾದ ದನಿಯಲ್ಲಿ ಹೇಳಿದಳು. "ಕೋವಿ ಸಿಡೀತು. ತಕ್ಕಡಿ ತಪ್ಪಾಗಿಟ್ಟು ತೋಟೆಗೆ ಮದ್ದು ಜಾಸ್ತಿ ತುಂಬಿದ್ದೆ."

"ನಾನಾ?"

"ನೀನೇ. ರೇಡಿಯೋ ಹಾಕ್ಕೊಂಡು ಆಟ ಕೇಳ್ತಿದ್ದೆ."

"ನಾನು ಮಕ್ಕಳಿಗೆ ಪಾಠ ಹೇಳೋನಲ್ವೇನೆ?"

"ಹೇಳ್ತಿದ್ದೆ. ಆಮೇಲೆ ಬಿಟ್ಟೆ."

ಓರಿನ್‌ನ ಮುಖ ಕೊರಳಿನಿಂದ ಮೇಲಕ್ಕೆ ನಿಧಾನವಾಗಿ ಕೆಂಪಾಯಿತು. ಅದೊಂದನ್ನು ಡೆಲ್ಮರ್ ಈ ಹತ್ತೊಂಬತ್ತು ವರ್ಷದಲ್ಲಿ ಊಹಿಸಿಕೊಂಡಿರಲಿಲ್ಲ. ಅವಮಾನ ಹಳೆಯದಾಗಿ, ಒಣಗಿ, ಗಾಯದ ಕಲೆಯಂತೆ ಆಗಿರುತ್ತದೆ ಎಂದುಕೊಂಡಿದ್ದ. ಅವನಿಗಿದ್ದ ಸಮಾಧಾನ ಅದೊಂದೇ. ಇಲ್ಲಿ ಅದು ಈಗ, ಈ ಗಳಿಗೆಯಲ್ಲಿ, ಮೊದಲ ಬಾರಿಗೆ ಆಗುತ್ತಿತ್ತು. ಓರಿನ್ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತ. ಸ್ವಲ್ಪ ಹೊತ್ತಿಗೆ ತಲೆ ವಾಲಿತು, ನಿದ್ದೆ ಬಂದಿತ್ತು.

ಲವಾನ್ ಡೆಲ್ಮರ್‌ನ ಜೊತೆ ನೆಲಮಾಳಿಗೆಗೆ ಇಳಿದಳು. "ದಿನಾ ಕೇಳ್ತಾನೆ," ಅಂದಳು. "ಒಂದೊಂದ್ಸಲ ಮೂರು ಸಲ. ಕೆಲವು ದಿನ ಕೇಳಿದ ಮೇಲೆ ಊಟ ಬೇಡ ಅಂತಾನೆ. ಯಾಕೆ ಬೇಡ ಅನ್ನೋದೂ ಅವನಿಗೆ ನೆನಪಿರಲ್ಲ."

"ಬೇರೆ ಏನಾದ್ರೂ ಹೇಳಬಹುದಲ್ಲ. ಯಂತ್ರಕ್ಕೆ ಸಿಕ್ತು ಅಂತ."

"ಐವತ್ತು ವರ್ಷ ಆಯ್ತು ಮದುವೆಯಾಗಿ. ಅವನಿಗೆ ಒಂದು ಸುಳ್ಳು ಹೇಳಿಲ್ಲ. ಈಗ ಗೊತ್ತಾಗಲ್ಲ ಅಂತ ಶುರು ಮಾಡ್ಲಾ?"

ಅವನು ಮೇಜಿನ ಕಡೆ ತಿರುಗಿದ. ಅಲ್ಲಿ ಉಳಿದಿದ್ದುದು ಮದ್ದನ್ನು ಅಳೆದು ತೋಟೆಗೆ ಸುರಿಯುವ ಯಂತ್ರ, ಅದರ ಗಾಜಿನ ಕೊಳವೆಯಲ್ಲಿ ಅರ್ಧದಷ್ಟು ಬೂದು ಕಾಳು. ಓರಿನ್ ಯಾವಾಗಲೋ ತುಂಬಿ ಮರೆತಿದ್ದ. ಆ ಕೊಳವೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಮೇಜಿನ ಮೇಲಿನ ಕೊನೆಯ ಡಬ್ಬಿಯನ್ನು ಲವಾನ್ ಎತ್ತಿ, ಮುಚ್ಚಳ ತೆಗೆದು, ಎರಡನ್ನೂ ಕಿಟಕಿಯ ಬೆಳಕಿನಲ್ಲಿ ಹೋಲಿಸಿ ನೋಡಿದಳು. "ಬಣ್ಣ ಒಂದೇ ಇದೆಯಲ್ಲ ಡೆಲ್. ಇದರದ್ದೇ ಇರಬೇಕು. ಇದಕ್ಕೇ ಸುರಿದುಬಿಡು, ಕೆಲಸ ಮುಗೀತು." ಎಂದು ಡಬ್ಬಿಯ ಬಾಯನ್ನು ಅವನ ಮುಂದೆ ಚಾಚಿದಳು. ತುಂಬ ಸಹಜವಾಗಿ, ಚಹಾ ಸುರಿ ಎಂದು ಬಟ್ಟಲು ಚಾಚುವವಳಂತೆ. ಅವನ ಕೈ ಏಳಲಿಲ್ಲ.

"ಆಗಲ್ಲ," ಅಂದ. "ಹೆಸರಿಲ್ಲದ್ದನ್ನ ಎಸೀಬೇಕು."

"ಇಷ್ಟೊಂದನ್ನ? ಹೀಗೆ ಸುರಿದ್ರೆ ಏನಾಗುತ್ತೆ?"

ಯಾಕೆ ಎಂದು ಯಾರೋ ಕೊನೆಗೂ ಕೇಳಿದ್ದರು. ಬಾಯ್ಲರ್ ಒಮ್ಮೆ ಗುಡುಗುಟ್ಟಿ ಸುಮ್ಮನಾಯಿತು. ಎದೆ ಹೊಡೆದುಕೊಳ್ಳುತ್ತದೆ ಎಂದು ಅವನು ನಿರೀಕ್ಷಿಸಿದ್ದ, ಹೊಡೆದುಕೊಳ್ಳಲಿಲ್ಲ. ಒಂದು ಬಗೆಯ ಆಯಾಸ ಮಾತ್ರ, ಸಂಜೆಯ ತನಕ ಹೊಲದಲ್ಲಿದ್ದು ಬೂಟು ಬಿಚ್ಚಲು ಕೂತವನ ಹಾಗೆ.

"ಓರಿನ್‌ಗೆ ಆಗಿದ್ದು ಆಗುತ್ತೆ," ಅಂದ. "ನಾನು ಒಂದ್ಸಲ ಹೀಗೇ ಸುರಿದೆ ಲವಾನ್. ಬೇರೆ ಮದ್ದಿನ ಡಬ್ಬಿಗೆ. ಚೀಟಿ ಬದಲಾಯಿಸಲಿಲ್ಲ. ಆ ಡಬ್ಬೀನೇ ಅವನು ನನ್ ಹತ್ರ ಕೇಳಿ ತಗೊಂಡು ಬಂದಿದ್ದು. ತಕ್ಕಡಿ ಸರಿಯಾಗೇ ಇಟ್ಟಿದ್ದ ಅವನು."

ಲವಾನ್ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು, ಮತ್ತೂ ಬಿಗಿ ಮಾಡಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಅವತ್ತೇ. ಸುದ್ದಿ ಕೇಳಿದ ಕೂಡ್ಲೆ."

"ಆ ಡಬ್ಬಿ ಎಲ್ಲಿ?"

"ಅವತ್ತು ಮಧ್ಯಾಹ್ನ ಬಂದು ತಗೊಂಡು ಹೋದೆ. ನೀನು ಆಸ್ಪತ್ರೇಲಿದ್ದೆ."

"ನನ್ ತಂಗಿ ಹೇಳಿದ್ಲು," ಲವಾನ್ ಮೆಲ್ಲಗೆ ಅಂದಳು. "ಡೆಲ್ಮರ್ ಬಂದು ನೆಲಮಾಳಿಗೆ ಎಲ್ಲ ಚೊಕ್ಕ ಮಾಡಿ ಹೋದ, ಪಾಪ ಅಂತ. ನಿಂಗೆ ನಾನು ಕೇಕ್ ಮಾಡಿ ಕಳಿಸಿದ್ದೆ."

ಕಳಿಸಿದ್ದಳು. ಕ್ಯಾರೆಟ್ ಹಾಕಿದ ಕೇಕು. ಹೆಂಡತಿ ಎರಡೆರಡು ತುಂಡು ತಿಂದಿದ್ದಳು, ಅವನು ಹಲ್ಲುನೋವು ಅಂದಿದ್ದ. ಇದನ್ನು ಹೇಳಬೇಕೆನ್ನಿಸಿತು, ಯಾಕೆ ಎಂದು ತಿಳಿಯದೆ ಬಿಟ್ಟ. ಬೈಗುಳಕ್ಕಾಗಿ ಕಾದ. ಅವಳು ಬೈಯಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು, ತನ್ನ ಎರಡು ಅಂಗೈಗಳನ್ನು ನೋಡಿಕೊಂಡು, "ನಾನೇ ಬೈದೆ ಅವನನ್ನ," ಅಂದಳು. "ಮೊದಲ ವರ್ಷ ಎಷ್ಟು ಬೈದೆ ಗೊತ್ತಾ. ರೇಡಿಯೋ ಎತ್ತಿ ಎಸೆದೆ. ಅವನು ಒಂದ್ ಮಾತು ತಿರುಗಿ ಆಡಲಿಲ್ಲ. ಈಗ ದಿನಾ ಬೆಳಗಾದ್ರೆ ಅವನ ಮುಖ ಕೆಂಪು ಮಾಡಿಸ್ತೀನಿ, ನಿಜ ಹೇಳ್ತಿದೀನಿ ಅಂದ್ಕೊಂಡು. ನನ್ ಬಾಯಲ್ಲೂ ಸುಳ್ಳು ಇಟ್ಟೆ ನೀನು."

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಹೋಗ್ತೀನಿ," ಅಂದ.

"ಎಲ್ಲಿಗೆ? ಕೆಲಸ ಅರ್ಧ ಆಗಿದೆ. ಮುಗಿಸಿ ಹೋಗು."

ಮುಗಿಸಿದ. ಕೊಳವೆಯಲ್ಲಿದ್ದುದನ್ನು ಹೊರಗೆ ಒಯ್ದು ಒದ್ದೆ ನೆಲದ ಮೇಲೆ ಗಾಳಿಯ ದಿಕ್ಕು ನೋಡಿ ತೆಳ್ಳಗೆ ಎರಚಿದ. ಲವಾನ್ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಯಾರೋ ನೋಡುತ್ತಿರುವಾಗ ಅದನ್ನು ಎರಚುವುದು ಬೇರೆಯೇ ಕೆಲಸವಾಗಿತ್ತು, ತೋಳು ಹಗುರವಾಗಿ ಬೀಸುತ್ತಿತ್ತು, ಆ ಹಗುರಕ್ಕೂ ನಾಚಿಕೆಯಾಯಿತು. ಕೊನೆಯ ಡಬ್ಬಿಯನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿ ಬೀಗದ ಕೈಯನ್ನು ಅವಳ ಅಂಗೈಗೆ ಕೊಟ್ಟಾಗ ಅವಳು ಅವನ ಬೆರಳು ತಾಗದಂತೆ ತೆಗೆದುಕೊಂಡಳು.

ಓರಿನ್ ಎದ್ದಿದ್ದ. ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದ, ಹ್ಯಾಮ್ ಮತ್ತು ಬೇಯಿಸಿದ ಆಲೂಗಡ್ಡೆ, ಉಪ್ಪುಹುಳಿಯ ಬೀಟ್‌ರೂಟ್. ಫ್ರಿಜ್ಜಿನ ಬಾಗಿಲ ತುಂಬ ಲವಾನ್ ಅವನಿಗಾಗಿ ದಪ್ಪ ಪೆನ್ನಿನಲ್ಲಿ ಬರೆದ ಚೀಟಿಗಳಿದ್ದವು. ಮಗಳು ಸ್ಪೋಕೇನ್‌ನಲ್ಲಿದ್ದಾಳೆ. ನಾಯಿ ಸತ್ತಿದೆ, ಹುಡುಕಬೇಡ. ಒಲೆ ಮುಟ್ಟಬೇಡ. ಲವಾನ್ ಒಂದು ಖಾಲಿ ಹಾಳೆಯನ್ನೂ ಆ ಪೆನ್ನನ್ನೂ ಡೆಲ್ಮರ್‌ನ ಮುಂದಿಟ್ಟಳು.

"ಬರಿ. ಅವನು ಕೇಳಿದಾಗ ಓದೋಕೆ."

ಅವನು ಬಗ್ಗಿ ಬರೆದ: ನಿನ್ನ ಕೈಗೆ ಆದದ್ದು ಒಂದು ಆಕಸ್ಮಿಕ. ಅವಳು ಓದಿ, ಹರಿದು, ಇನ್ನೊಂದು ಹಾಳೆ ಇಟ್ಟಳು.

"ಯಾರು ಅಂತ ಬರಿ."

ಪೆನ್ನಿನ ವಾಸನೆ ಮೂಗಿಗೆ ಘಾಟಾಗಿ ಹೊಡೆಯಿತು. ಅಕ್ಷರಗಳು ಬೇಕಾದ್ದಕ್ಕಿಂತ ದೊಡ್ಡದಾಗಿ ಬಂದವು. ಬರೆದು ಮುಗಿಸಿ ನೆಟ್ಟಗಾದಾಗ ಲವಾನ್ ಕೇಳಿದಳು, "ಗುರುವಾರ ಅಲ್ವಾ ನಿನ್ ಪಾಠ?"

"ಹೌದು."

"ಓರಿನ್‌ನ ಕರ್ಕೊಂಡು ಬರ್ತೀನಿ. ಮುಂದಿನ ಸಾಲಲ್ಲಿ ಎರಡು ಕುರ್ಚಿ ಇಡು. ಮಕ್ಕಳಿಗೂ ಹೇಳು, ಅವನಿಗೂ ಹೇಳು."

"ಹೇಳ್ತೀನಿ," ಅಂದ. ಹೇಳಿದ ಮೇಲೆ ಏನಾಗುತ್ತದೆ ಎಂದು ಯೋಚಿಸಲು ಹೋದ ಮನಸ್ಸು ಚರ್ಚಿನ ಬಾಗಿಲ ತನಕ ಹೋಗಿ ನಿಂತಿತು. ಮುಂದೆ ಏನೂ ಕಾಣಲಿಲ್ಲ. ಭಯವೂ ಅಷ್ಟಾಗಿ ಕಾಣಲಿಲ್ಲ.

ಓರಿನ್ ಮುಳ್ಳುಚಮಚ ಕೆಳಗಿಟ್ಟು ಎಡಗೈ ನೋಡಿಕೊಳ್ಳುತ್ತಿದ್ದ. ಅವನು ಬಾಯಿ ತೆರೆಯುವ ಮೊದಲೇ ಲವಾನ್ ಹಾಳೆಯನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದಳು. ಓರಿನ್ ಕನ್ನಡಕ ಏರಿಸಿಕೊಂಡು, ಮಕ್ಕಳೆದುರು ಓದುತ್ತಿದ್ದ ಆ ಹಳೆಯ ಗಟ್ಟಿ ದನಿಯಲ್ಲಿ, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದ. "ಓರಿನ್, ನಿನ್ನ ತಕ್ಕಡಿ ಸರಿಯಾಗಿತ್ತು. ನಾನು ಕೊಟ್ಟ ಡಬ್ಬಿಯಲ್ಲಿ ತಪ್ಪು ಮದ್ದು ಇತ್ತು. ನಾನು ಅದನ್ನು ಮುಚ್ಚಿಟ್ಟೆ. ಡೆಲ್ಮರ್ ಹೌಗೆನ್."

ತಲೆಯೆತ್ತಿ ನೋಡಿದ. "ನೀನಾ?"

"ನಾನೇ."

ಓರಿನ್ ಬಹಳ ಹೊತ್ತು ಅವನನ್ನೇ ನೋಡಿದ. ಆ ನೋಟದಲ್ಲಿ ಕೋಪ ಎದ್ದು ಬರುವುದು ಡೆಲ್ಮರ್‌ಗೆ ಕಂಡಿತು. ಆಮೇಲೆ ಅದನ್ನು ಬದಿಗೆ ತಳ್ಳಿಕೊಂಡು ಇನ್ನೇನೋ ಬಂತು. ಅವನು ಹೆಂಡತಿಯ ಕಡೆ ತಿರುಗಿದ.

"ಹಾಗಾದ್ರೆ ನಾನಲ್ಲ."

"ನೀನಲ್ಲ," ಅಂದಳು ಲವಾನ್.

"ನಾನಲ್ಲ," ಓರಿನ್ ಮತ್ತೆ ಹೇಳಿ, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಬಲಗೈಯಿಂದ ಬೀಟ್‌ರೂಟಿನ ಬಟ್ಟಲು ಎಳೆದುಕೊಂಡ. ಬಾಯ್ತುಂಬ ಇಟ್ಟುಕೊಂಡೇ ಡೆಲ್ಮರ್‌ಗೆ ಅಂದ, "ನಿಂತೇ ಇದೀಯಲ್ಲೋ. ಕೂತ್ಕೋ."

ಡೆಲ್ಮರ್ ಲವಾನ್‌ಳನ್ನು ನೋಡಿದ. ಅವಳು ಬೇಡ ಅನ್ನಲಿಲ್ಲ. ತಟ್ಟೆಯನ್ನೂ ಇಡಲಿಲ್ಲ. ಅವನು ಕುರ್ಚಿ ಎಳೆದು, ಟೋಪಿಯನ್ನು ತೊಡೆಯ ಮೇಲಿಟ್ಟು, ಓರಿನ್ ಊಟ ಮುಗಿಸುವ ತನಕ ಕೂತ.